ಓಯ್ಶೀ ಎಂದು ಹೇಳಿ ಕೆಟ್ಟೆ

ನಾನು ಜಪಾನಿ ಭಾಷೆಯಲ್ಲಿ ಆಡಿದ ಮೊಟ್ಟಮೊದಲ ಮಾತೇ ಸುಳ್ಳು. ಬೇರೆ ಯಾವ ಭಾಷೆಯಲ್ಲೂ ನನಗೆ ಹೀಗಾಗಿರಲಿಲ್ಲ. ಮನೆಮಾತು ಕೊಂಕಣಿಯಲ್ಲಿ ಮೊದಲು ಅಮ್ಮನನ್ನು ಕರೆದೆನಂತೆ. ತುಳುವಿನಲ್ಲಿ ಬಸ್ ಕಂಡಕ್ಟರನ ಹತ್ತಿರ ಬಾಕಿ ಚಿಲ್ಲರೆ ಕೇಳಿದೆ. ಅರಬ್ಬಿಯಲ್ಲಿ ದೋಹಾ ವಿಮಾನ ನಿಲ್ದಾಣದ ಕಸ್ಟಮ್ಸ್‌ನವನು ನನ್ನ ಪೆಟ್ಟಿಗೆಯತ್ತ ಬೆರಳು ತೋರಿಸಿ ಏನೋ ಕೇಳಿದಾಗ ‘ಮಾಫಿ’ ಎಂದೆ; ಇಲ್ಲ ಎಂದರ್ಥ. ಒಳಗೆ ಮಾವಿನ ಹಪ್ಪಳ ಬಿಟ್ಟು ನಿಜವಾಗಿಯೂ ಏನೂ ಇರಲಿಲ್ಲ. ಇಷ್ಟು ಶುದ್ಧ ಚರಿತ್ರೆಯ ಮನುಷ್ಯ ಜಪಾನಿಯಲ್ಲಿ ಮಾತ್ರ ‘ಓಯ್ಶೀ’ ಎಂದುಬಿಟ್ಟೆ. ಬಹಳ ರುಚಿಯಾಗಿದೆ ಎಂದು ಅದರ ಅರ್ಥ. ಆ ಒಂದು ಶಬ್ದ ನನ್ನ ಸಂಸಾರಕ್ಕೆ ಏನು ಮಾಡಿತೆಂದು ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿಬಿಡುತ್ತೇನೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ದೋಹಾದಿಂದಾಚೆ ಸಮುದ್ರದಂಡೆಯ ರಾಸ್ ಲಫಾನ್‌ನಲ್ಲಿ ಆಗ ಗ್ಯಾಸ್ ಸ್ಥಾವರ ಏಳುತ್ತಿತ್ತು. ಕಟ್ಟುತ್ತಿದ್ದವರು ಜಪಾನಿನವರು, ಅವರು ಬರೆದ ನಕ್ಷೆಗಳನ್ನೆಲ್ಲ ನಂಬರು ಹಾಕಿ ಜೋಡಿಸಿಡುವ ಗುಮಾಸ್ತ ನಾನು. ಹೆಂಡತಿ ಸೆಲಿನ್ ಮತ್ತು ಮೂರು ವರ್ಷದ ಮಗಳು ಊರಲ್ಲಿ, ಶಿರ್ವದಲ್ಲಿದ್ದರು. ಮಗಳು ಆರು ತಿಂಗಳಿನವಳಿದ್ದಾಗ ನಾನು ಹೊರಟು ಬಂದದ್ದು. ಈಗ ಫೋನಿನಲ್ಲಿ ಅವಳು ನನ್ನನ್ನು ‘ಅಂಕಲ್’ ಎನ್ನುತ್ತಿದ್ದಳು. ಸೆಲಿನ್ ಹಿಂದಿನಿಂದ “ಅಂಕಲ್ ಅಲ್ಲ, ಪಪ್ಪ” ಎಂದು ತಿದ್ದಿದರೆ ಮಗು “ಪಪ್ಪ ಅಂಕಲ್” ಎಂದು ರಾಜಿ ಮಾಡಿಕೊಳ್ಳುತ್ತಿತ್ತು. ಕೇಳಿದವರಿಗೆ ನಗು ಬರುತ್ತದೆ. ನನಗೆ ರಿಸೀವರ್ ಇಟ್ಟ ಮೇಲೆ ಅರ್ಧ ಗಂಟೆ ಯಾರ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಅವರನ್ನು ಕರೆಸಿಕೊಳ್ಳಬೇಕಾದರೆ ಕಂಪನಿಯಲ್ಲಿ ಸೀನಿಯರ್ ಗ್ರೇಡ್ ಬೇಕು. ಆ ಗ್ರೇಡಿಗೆ ಇದ್ದದ್ದು ಒಂದೇ ದಾರಿ: ಯೊಕೊಹಾಮಾದ ಮುಖ್ಯ ಕಚೇರಿಯಲ್ಲಿ ಆರು ತಿಂಗಳ ತರಬೇತಿ. ಜಾಗವೂ ಒಂದೇ. ಆಸೆ ಪಟ್ಟವರು ಇಬ್ಬರು, ನಾನು ಮತ್ತು ನನ್ನ ರೂಮಿನ ಜೊತೆಗಾರ ಕಲ್ಯಾಣಪುರದ ಲಾರೆನ್ಸ್.

ನಮ್ಮ ಸೆಕ್ಷನ್ನಿನ ಮುಖ್ಯಸ್ಥ ಮೊರಿ ಸಾನ್ ಎಂಬ ಹಿರಿಯರಿಗೆ ಅದೇ ಹೊತ್ತಿಗೆ ಒಂದು ಯೋಜನೆ ಹೊಳೆಯಿತು. ಒಬ್ಬ ಇಂಡಿಯನ್ ಮೂರು ತಿಂಗಳು ಕ್ಯಾಂಪಿನ ಜಪಾನಿ ಬ್ಲಾಕಿನಲ್ಲಿದ್ದು ಅವರ ಕೆಲಸದ ರೀತಿನೀತಿ ಕಲಿಯಬೇಕು. ಬದಲಿಗೆ ಅವರಲ್ಲಿನ ಸಾತೋ ಎಂಬ ತರುಣ ಇಂಜಿನಿಯರ್ ನಮ್ಮ ಬ್ಲಾಕಿಗೆ ಬರಬೇಕು. ಇದಕ್ಕೆ ಅವರಿಟ್ಟ ಹೆಸರು ‘ಎಕ್ಸ್‌ಚೇಂಜ್ ಸ್ಟೂಡೆಂಟ್’. ಇದರಲ್ಲಿ ಗೆದ್ದವನಿಗೇ ಯೊಕೊಹಾಮಾ ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು. ಮೊದಲು ಹೋದವನು ಲಾರೆನ್ಸ್. ಮಧ್ಯಾಹ್ನ ಪೆಟ್ಟಿಗೆ ಹೊತ್ತು ಹೋದವನು ಒಂದು ಊಟ ಮಾಡಿ ಸಂಜೆಗೆ ಅದೇ ಪೆಟ್ಟಿಗೆ ಹೊತ್ತು ವಾಪಸು ಬಂದ. “ನನ್ನಿಂದ ಆಗುದಿಲ್ಲ ಮಾರಾಯ. ಖಲಾಸ್. ಹೇಳಿ ಬಂದೆ,” ಎಂದು ಬೂಟು ಬಿಚ್ಚಿ ಮಲಗಿದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಯೊಕೊಹಾಮಾ ಇನ್ನು ನನ್ನದೇ ಎಂದುಕೊಂಡು ಮರುದಿನ ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ಸ್ಟೂಡೆಂಟ್ ಆದೆ. ಮೀನು ತಿನ್ನುವ ಊರಿನವನಿಗೆ ಮೀನು ತಿನ್ನುವ ದೇಶ ಏನು ಕಷ್ಟ ಎಂದು ಸೆಲಿನ್‌ಗೆ ಕಾಗದವನ್ನೂ ಬರೆದೆ.

ಕಷ್ಟ ಏನೆಂದು ಬೆಳಿಗ್ಗೆ ಆರಕ್ಕೆ ಗೊತ್ತಾಯಿತು. ಟೇಪ್ ರೆಕಾರ್ಡರಿನಿಂದ ಪಿಯಾನೋ ಹೊರಟ ಕೂಡಲೇ ಇಡೀ ಬ್ಲಾಕು ಅಂಗಳದಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸಬೇಕು. ಎಲ್ಲರ ಕೈ ಮೇಲಿದ್ದಾಗ ನನ್ನದು ಕೆಳಗೆ. ಆಮೇಲೆ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಹೋಗಬೇಕು. ನನ್ನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿದ್ದುದು ಕ್ಯಾಂಪಿಗೆಲ್ಲ ಗೊತ್ತಾದದ್ದು ಹಾಗೆ. ಸಂಜೆ ಎಲ್ಲರೂ ಒಂದೇ ಬಿಸಿನೀರ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವ ಪದ್ಧತಿ ಬೇರೆ. ಉಡುಪು ಯಾವುದೂ ಇಲ್ಲ. ಹೊರಗೆ ರಾಸ್ ಲಫಾನಿನ ಜುಲೈ ತಿಂಗಳು. ಬಿಸಿಲಿನಿಂದ ಪಾರಾಗಿ ಬಂದ ಮನುಷ್ಯ ಕುದಿಯುವ ನೀರಿಗೆ ತಾನಾಗಿ ಇಳಿಯುವುದೇಕೆಂದು ನನಗೆ ಇಂದಿಗೂ ತಿಳಿಯದು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಜಪಸರ ಎಣಿಸುತ್ತಾ ಕೂರುತ್ತಿದ್ದೆ. ಅವರು ಅದನ್ನು ಧ್ಯಾನವೆಂದು ತಿಳಿದು ಗೌರವದಿಂದ ಸದ್ದು ಕಡಿಮೆ ಮಾಡುತ್ತಿದ್ದರು.

ಇವೆಲ್ಲ ಹೊರಗಿನ ಸಂಕಟ, ಸಹಿಸಬಹುದು. ಒಳಗೆ ಹೋಗಬೇಕಾದದ್ದರ ಕತೆ ಬೇರೆ. ನಮ್ಮಲ್ಲಿ ಮೀನೆಂದರೆ ಮಸಾಲೆ ಅರೆದು, ಹುಳಿ ಹಿಂಡಿ, ಮಣ್ಣಿನ ಪಾತ್ರೆಯಲ್ಲಿ ಕುದಿಸಿದ ಮೇಲೆ ಸಿಗುವ ವಸ್ತು. ಇಲ್ಲಿ ಮೀನು ಹಸಿಯಾಗಿಯೇ, ಯಾವ ಮುಜುಗರವೂ ಇಲ್ಲದೆ ತಟ್ಟೆಯ ಮೇಲೆ ಮಲಗಿರುತ್ತಿತ್ತು. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ. ಬೆಳಗಿನ ತಿಂಡಿಗೆ ಸಮುದ್ರಪಾಚಿ ತೇಲುವ ಸಾರು. ಇದನ್ನೆಲ್ಲ ಎರಡು ಕಡ್ಡಿಗಳಿಂದ ಹಿಡಿಯಬೇಕು. ಮೊದಲ ವಾರ ನಾನು ಉಂಡದ್ದಕ್ಕಿಂತ ಮಡಿಲಿಗೆ ಬಿದ್ದದ್ದೇ ಹೆಚ್ಚು, ಅದೊಂದೇ ನನ್ನ ಪುಣ್ಯ. ಆದರೆ ಎಲ್ಲಕ್ಕಿಂತ ಮೇಲೆ ಒಂದು ಪುಟ್ಟ ಬಟ್ಟಲು ಬರುತ್ತಿತ್ತು. ನತ್ತೋ ಎಂದು ಹೆಸರು. ಸೋಯಾ ಕಾಳನ್ನು ಬೇಯಿಸಿ ಹುದುಗಲು ಬಿಟ್ಟು, ನಮ್ಮಲ್ಲಾದರೆ ಹಿತ್ತಿಲಿಗೆ ಚೆಲ್ಲುವ ಹಂತ ದಾಟಿದ ಮೇಲೆ ಮೇಜಿಗೆ ತರುತ್ತಾರೆ. ಕಲಸಿದರೆ ಲೋಳೆಯ ನೂಲು ಏಳುತ್ತದೆ. ಬಾಯಿಗಿಟ್ಟರೆ ನೂಲು ಬಟ್ಟಲನ್ನೂ ತುಟಿಯನ್ನೂ ಬಿಡುವುದಿಲ್ಲ. ವಾಸನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಒಂದು ವಾರ ಒಣಗದೆ ಉಳಿದ ಕಾಲುಚೀಲವನ್ನು ನೆನೆಸಿಕೊಳ್ಳಿ, ಸಾಕು.

ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು. ತಟ್ಟೆಯಲ್ಲಿ ಅನ್ನದ ಅಗುಳು ಬಿಟ್ಟರೂ ಪಾಪವೆಂದು ಅಮ್ಮ ಬೆಳೆಸಿದ್ದಳು. ಹಾಗಲಕಾಯಿಯಂಥದ್ದು ಬಡಿಸಿದರೆ ಅದನ್ನು ಮೊದಲು ಗಬಗಬ ನುಂಗಿ ಮುಗಿಸಿ, ಮೀನಿನ ತುಂಡನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ಮನೆಯ ಮಕ್ಕಳೆಲ್ಲರ ಉಪಾಯ. ಬಡಿಸಿದವರು ಹೇಗಿದೆ ಎಂದರೆ ಒಳ್ಳೆಯದಾಗಿದೆ ಎನ್ನಬೇಕು. ಅದೇ ಅಭ್ಯಾಸದಂತೆ ಮೊದಲ ದಿನ ಬಟ್ಟಲನ್ನು ಎತ್ತಿ, ಉಸಿರು ಬಿಗಿಹಿಡಿದು, ನಾಲ್ಕೇ ಗುಟುಕಿಗೆ ನತ್ತೋ ನುಂಗಿದೆ. ಕಣ್ಣಲ್ಲಿ ನೀರು ಬಂತು. ತಲೆ ಎತ್ತಿದರೆ ಇಡೀ ಮೇಜು ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡುತ್ತಿತ್ತು. ಎದುರು ಕೂತಿದ್ದ ಮೊರಿ ಸಾನ್ ಮೆಲ್ಲನೆ ಕೇಳಿದರು, “ಹೇಗಿದೆ?” ಆಗ ಹೇಳಿದೆ, ಓಯ್ಶೀ.

ಮೇಜಿನ ಸುತ್ತ ಒಂದು ಉದ್ಗಾರವೇ ಎದ್ದಿತು. ಜಪಾನಿನಲ್ಲೇ ಅರ್ಧ ಜನ ಇದನ್ನು ಮುಟ್ಟುವುದಿಲ್ಲವಂತೆ. ಹೊರದೇಶದವನೊಬ್ಬ ಎಲ್ಲ ಬಿಟ್ಟು ಮೊದಲು ಇದನ್ನೇ ತಿಂದ, ಕಣ್ಣೀರು ಹಾಕಿ ತಿಂದ! ಮರುದಿನದಿಂದ ನನಗೆ ಎರಡು ಬಟ್ಟಲು. ನಾನು ಬೇಗ ಮುಗಿಸಿದಷ್ಟೂ ಬೇಗ ಇನ್ನೊಂದು ಬರುತ್ತಿತ್ತು. ನಿಧಾನ ಮಾಡಿದರೆ ಸವಿಯುತ್ತಿದ್ದಾನೆ ಎನ್ನುತ್ತಿದ್ದರು. ಊರಿಗೆ ಹೋಗಿ ಬಂದವರು ಥರ್ಮೊಕೋಲ್ ಡಬ್ಬಿಗಳಲ್ಲಿ ನನಗೆಂದೇ ನತ್ತೋ ತರತೊಡಗಿದರು. ರಾತ್ರಿ ಕನಸಿನಲ್ಲೂ ನೂಲು ಏಳುತ್ತಿತ್ತು. ಅತ್ತ ನನ್ನ ಮಂಚದಲ್ಲಿ ಮಲಗುತ್ತಿದ್ದ ಸಾತೋ ನಮ್ಮ ಮೆಸ್ಸಿನ ಕುಚ್ಚಲಕ್ಕಿ ಅನ್ನವನ್ನೂ ಬಂಗುಡೆ ಮೀನಿನ ಸಾರನ್ನೂ ಕೈಯಿಂದ ಕಲಸಿ ಉಂಡು, ಬೆರಳು ನೆಕ್ಕಿ, ಮೂರು ಕೆ.ಜಿ. ಏರಿದ್ದನಂತೆ. ನನ್ನ ಬೆಲ್ಟಿಗೆ ನಾನು ಎರಡು ಹೊಸ ತೂತು ಕೊರೆದಿದ್ದೆ.

ಶುಕ್ರವಾರ ಕಂಪನಿ ಬಸ್ಸು ದೋಹಾಕ್ಕೆ ಹೋಗುತ್ತಿತ್ತು. ನಾನು ಇಳಿದವನೇ ಸೂಕ್ ವಾಕಿಫ್ ಮಾರುಕಟ್ಟೆಯ ಹಿಂದಿನ ಹಮೀದಾಕನ ಹೋಟೆಲಿಗೆ ಓಡುತ್ತಿದ್ದೆ. ಅವರು ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರು, ಹಿರಿಯರು. ಗಂಜಿ, ಚಟ್ನಿ ಮುಂದಿಟ್ಟು, ನಾನು ಉಣ್ಣುವುದನ್ನು ನೋಡಿ ಅವರಿಗೇ ಸಂಕಟವಾಗುತ್ತಿತ್ತು. “ಎಂತ ಮಾರಾಯ್ರೆ ಇದು ಅವಸ್ಥೆ? ಅವರ ಹತ್ರ ಬಾಯಿ ಬಿಟ್ಟು ಹೇಳಿ, ಇದು ನಂಗೆ ಬೇಡ ಅಂತ. ಅವ್ರೇನು ನಿಮ್ಮನ್ನು ತಿಂತಾರಾ?” ಎಂದರು.

ಹೇಳಲು ಹೋದದ್ದೂ ಉಂಟು. ಒಂದು ಸಂಜೆ ಧೈರ್ಯ ಮಾಡಿ ಮೊರಿ ಸಾನ್ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ತಮ್ಮ ಪುಟ್ಟ ಫ್ರಿಜ್ಜು ತೆರೆದರು. ಒಳಗೆ ಕೊನೆಯ ಎರಡು ಡಬ್ಬಿ. ತಮ್ಮ ಹೆಂಡತಿಗೆ ಇದರ ವಾಸನೆ ಆಗುವುದಿಲ್ಲ, ಮನೆಯಲ್ಲಿ ಮೂವತ್ತು ವರ್ಷ ಒಬ್ಬರೇ ಬಾಲ್ಕನಿಯಲ್ಲಿ ಕೂತು ತಿಂದಿದ್ದಾರೆ, ಈಗಿನ ಹುಡುಗರಿಗೂ ಬೇಡ ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿದರು. “ಈ ಮರಳಿನಲ್ಲಿ ನನಗೆ ಜೊತೆ ಸಿಕ್ಕಿದ್ದು ನೀನು ಒಬ್ಬನೇ,” ಎಂದು ಒಂದು ಡಬ್ಬಿಯನ್ನು ಎರಡೂ ಕೈಯಿಂದ ನನ್ನತ್ತ ಚಾಚಿದರು. ಅವರ ಕಣ್ಣು ಒದ್ದೆಯಾಗಿತ್ತು. ನೀವಾದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಅಲ್ಲೇ ನೆಲದಲ್ಲಿ ಕೂತು ತಿಂದೆ. ಮಗಳನ್ನು ನೆನೆಸಿಕೊಂಡು ತಿಂದೆ, ಒಂದೊಂದು ಕಾಳಿಗೂ ಅವಳು ಒಂದೊಂದು ಹೆಜ್ಜೆ ಹತ್ತಿರ ಬರುತ್ತಾಳೆಂದು.

ಮೂರು ತಿಂಗಳು ಮುಗಿದ ದಿನ ಮೊರಿ ಸಾನ್ ಎಲ್ಲರನ್ನೂ ಕರೆದು ವರದಿ ಓದಿದರು. ನನ್ನ ಬಗ್ಗೆ ಒಂದು ಪುಟವಿಡೀ ಹೊಗಳಿಕೆ. ಇವನು ಹುಟ್ಟಿನಿಂದ ಇಂಡಿಯನ್, ಹೊಟ್ಟೆಯಿಂದ ಜಪಾನಿ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮನಸ್ಸಿನಲ್ಲೇ ಸೆಲಿನ್‌ಗೆ ಪಾಸ್‌ಪೋರ್ಟ್ ಮಾಡಿಸಲು ಹೇಳುತ್ತಿದ್ದೆ. ಮೊರಿ ಸಾನ್ ಪುಟ ತಿರುಗಿಸಿದರು. ಇಷ್ಟು ಚೆನ್ನಾಗಿ ಹೊಂದಿಕೊಂಡವನಿಗೆ ಯೊಕೊಹಾಮಾದಲ್ಲಿ ಕಲಿಸಲು ಏನೂ ಉಳಿದಿಲ್ಲ. ಆದ್ದರಿಂದ ಕೆಲಸ ಮುಗಿಯುವವರೆಗೆ ಇವನು ನಮ್ಮ ಬ್ಲಾಕಿನಲ್ಲೇ ಇರಲಿ, ನಮ್ಮವನಾಗಿ. ತರಬೇತಿ ಬೇಕಾಗಿರುವುದು ಒಂದು ಊಟವನ್ನೂ ಉಣ್ಣಲಾಗದೆ ಓಡಿಹೋದ ಲಾರೆನ್ಸನಿಗೆ. ಅವನು ಹೋಗಿ ಕಲಿತು ಬರಲಿ. ಇಷ್ಟು ಓದಿ, ನನಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಬಾಗಿದ್ದು ಒಳ್ಳೆಯದೇ ಆಯಿತು, ಮುಖ ಯಾರಿಗೂ ಕಾಣಲಿಲ್ಲ. ಲಾರೆನ್ಸ್ ಹತ್ತಿರ ಬಂದು, “ನಿಂಗೆ ಬೇಸರ ಇಲ್ಲ ಅಲ್ವಾ? ನಿಂಗೆ ಇಲ್ಲೇ ಖುಷಿ ಉಂಟಂತಲ್ಲ, ಎಲ್ರೂ ಹೇಳ್ತಾರೆ,” ಎಂದ. ಇಲ್ಲ, ಬೇಸರ ಎಂತದು ಎಂದೆ. ಅದು ಕನ್ನಡದಲ್ಲಿ ಹೇಳಿದ ಸುಳ್ಳು.

ಸೆಲಿನ್‌ಗೆ ಎಲ್ಲವನ್ನೂ ಬರೆದೆ. ನಾವು ಮಾತಾಡುವುದು ಕೊಂಕಣಿಯಾದರೂ ಶಾಲೆಯಲ್ಲಿ ಕಲಿತದ್ದು ಕನ್ನಡವಾದ್ದರಿಂದ ಕಾಗದ ಕನ್ನಡದಲ್ಲೇ. ಅವಳು ಅಳುತ್ತಾಳೆ, ಮೊರಿ ಸಾನ್‌ಗೆ ಶಾಪ ಹಾಕುತ್ತಾಳೆ, ನನ್ನ ತ್ಯಾಗವನ್ನು ಕೊಂಡಾಡುತ್ತಾಳೆ ಎಂದೆಲ್ಲ ಕಾದೆ. ಉತ್ತರ ಬಂತು. “ಗ್ರೇಡ್ ಹೋದರೆ ಹೋಗಲಿ, ಇನ್ನೂ ಎರಡು ವರ್ಷ ಕಾಯುತ್ತೇನೆ. ಆದರೆ ಒಂದು ಕೇಳುತ್ತೇನೆ. ಮದುವೆಯಾದ ಮೇಲೆ ನೀವು ಮನೆಯಲ್ಲಿ ಇದ್ದಷ್ಟು ದಿನ ಎರಡು ಹೊತ್ತು ಬೇಯಿಸಿ ಹಾಕಿದ್ದೇನೆ. ಉಪ್ಪು ಜಾಸ್ತಿ, ಹುಳಿ ಕಡಿಮೆ, ಅಮ್ಮ ಮಾಡಿದ ಹಾಗಿಲ್ಲ, ಇಷ್ಟೇ ಕೇಳಿದ್ದು. ಯಾರದೋ ಕೊಳೆತ ಕಾಳಿಗೆ ಮೂರು ತಿಂಗಳು ರುಚಿ ಉಂಟು ಎಂದಿರಲ್ಲ, ನನಗೆ ಒಂದು ದಿನ ಸುಳ್ಳಾದರೂ ಹೇಳಬಹುದಿತ್ತು.”

ಅವಳ ಕೈಯ ಬಂಗುಡೆ ಪುಳಿಮುಂಚಿ, ಹುಳಿಖಾರದ ಆ ಮೀನುಸಾರು, ನಿಜವಾಗಿಯೂ ರುಚಿ. ನಾನು ದಿನವೂ ಅದಕ್ಕಾಗಿಯೇ ಹಂಬಲಿಸುತ್ತಿದ್ದೆ. ಹಾಗೆಂದು ಬರೆಯಲು ಕೂತರೆ ಪೆನ್ನು ಏಳಲಿಲ್ಲ. ನತ್ತೋವನ್ನು ಹೊಗಳಿದವನ ಬಾಯಿಯ ಹೊಗಳಿಕೆಯನ್ನು ಯಾರು ನಂಬುತ್ತಾರೆ? ಮೂರು ಹಾಳೆ ಹರಿದೆ. ಕೊನೆಗೆ, ನಂಬಲಿ ಎಂಬ ಒಂದೇ ಕಾರಣಕ್ಕೆ ಹೀಗೆ ಬರೆದೆ: “ನೀನು ಮಾಡುವ ಪುಳಿಮುಂಚಿಯಂಥದ್ದನ್ನು ನಾನು ಎಲ್ಲಿಯೂ ಉಂಡಿಲ್ಲ. ಉಪ್ಪು ಮಾತ್ರ ಒಂದು ಚಿಟಿಕೆ ಹೆಚ್ಚಿರುತ್ತದೆ.” ಹದಿನೈದು ದಿನಕ್ಕೆ ಉತ್ತರ ಬಂತು. ಪುಳಿಮುಂಚಿಯ ಹೆಸರೇ ಅದರಲ್ಲಿರಲಿಲ್ಲ. ಉಪ್ಪಿನ ಬಗ್ಗೆ ಒಂದೂವರೆ ಪುಟವಿತ್ತು.