ಅರಗು ಹಾಕಿದ ಬಾಟಲಿ

ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಆಗ ನನಗೆಷ್ಟು ವಯಸ್ಸು, ಬಾಟಲಿ ಯಾವ ಗೂಡಿನಲ್ಲಿತ್ತು, ಯಾವುದರಲ್ಲಾದರೂ ತಪ್ಪಿರಬಹುದು. ಒಂದು ಮಾತ್ರ ಖಂಡಿತ: ನಲವತ್ತರ ದಶಕದ ಕೊನೆಯಲ್ಲಿ, ಇಡೀ ದೊಡ್ಡಬಳ್ಳಾಪುರದಲ್ಲಿ ಮಜ್ಜಿಗೆಯ ಜೊತೆ ಮಾತಾಡಲು ಹವಣಿಸುತ್ತಿದ್ದವರು ನನ್ನ ಚಿಕ್ಕಪ್ಪ ಒಬ್ಬರೇ!

ಅವರು ಬೆಂಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ಶನಿವಾರದ ರೈಲಿಗೆ ಊರಿಗೆ ಬರುವರು. ಯಾವುದೋ ವಿದೇಶಿ ಪತ್ರಿಕೆಯಲ್ಲಿ ಓದಿದ್ದರಂತೆ: ದ್ರವವನ್ನು ಗಾಜಿನ ಕೊಳವೆಗೆ ತುಂಬಿ ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ, ಅದರ ಪರಮಾಣುಗಳ ಬೀಜಗಳು ಬುಗುರಿಗಳ ಹಾಗೆ ಓಲಾಡುತ್ತವೆ; ಸರಿಯಾದ ರೇಡಿಯೊ ಅಲೆಯಿಂದ ಕೂಗಿದರೆ ಓಗೊಡುತ್ತವೆ.

"ಒಂದಿನ ಬಿರಡೆ ತೆಗೀದೇನೇ ಬಾಟ್ಲಿ ಒಳಗೇನಿದೆ ಅಂತ ಹೇಳ್ಬೋದು ಕಣಮ್ಮ" ಎನ್ನುತ್ತಿದ್ದರು. ನಾನು ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದೆ.

ರೇಷ್ಮೆ ಸುತ್ತುವ ರಾಟೆಯಲ್ಲಿ ಅವರು ತಾಮ್ರದ ತಂತಿ ಸುತ್ತಿದರು. ಚಿಕ್ಕಮ್ಮ ನೋಡಿ, "ಇದನ್ನ ನೇಯ್ದ್ರೆ ಉಡೋರ್ಯಾರು?" ಎಂದರು. ಮಜ್ಜಿಗೆ ಲೋಟವನ್ನು ಆ ಸುರುಳಿಯೊಳಗಿಟ್ಟು, ಹಳೆಯ ರೇಡಿಯೊಗೆ ಕಿವಿಗೊಟ್ಟು ಕೂತರೆ ಬರುತ್ತಿದ್ದದ್ದು ಬರೀ ಗೊರಗೊರ. ಪಕ್ಕದ ಮಗ್ಗದವರು ಇಣುಕಿ, ಮಜ್ಜಿಗೆಗೆ ನೆಗಡಿಯೇ ಎಂದು ವಿಚಾರಿಸಿಕೊಂಡು ಹೋದರು!

ನಾನು ನಗುತ್ತಿರಲಿಲ್ಲ. ಯಾಕೆಂದರೆ ಆ ವರ್ಷವೇ ಅಜ್ಜಿ ತೀರಿಕೊಂಡಿದ್ದರು.

ಅಜ್ಜಿಯ ಜ್ವರಕ್ಕೆ ಡಾಕ್ಟರು ಕೆಂಪು ಮಿಕ್ಸ್ಚರ್ ಕೊಟ್ಟಿದ್ದರು. ಬಾಟಲಿಯ ಮೇಲೆ ಅಳತೆಗೆಂದು ಕಚ್ಚು ಮಾಡಿದ ಕಾಗದದ ಪಟ್ಟಿ. ನೇಯ್ಗೆಯವರ ಮನೆಯಲ್ಲಿ ಅಂಥ ಬಾಟಲಿಯನ್ನು ಎಸೆಯುವುದುಂಟೆ? ಖಾಲಿಯಾದದ್ದರಲ್ಲಿ ಅಜ್ಜ ರೇಷ್ಮೆಗೆ ಹಾಕುವ ಕೆಂಪು ಬಣ್ಣ ಕಲಸಿಡುತ್ತಿದ್ದರು. ಪಟ್ಟಿ ಬಣ್ಣದ ಅಳತೆಗೂ ಆಗುತ್ತಿತ್ತು. ಒಂದು ಮಧ್ಯಾಹ್ನ ಔಷಧಿ ತರಲು ನನ್ನನ್ನು ಕಳಿಸಿದರು. ಗೂಡಿನ ಕೆಂಪು ಬಾಟಲಿಗಳಲ್ಲಿ ಒಂದನ್ನು ತಂದುಕೊಟ್ಟೆ. ಒಂದು ಅಳತೆ ಕುಡಿದ ಅಜ್ಜಿ ಬಾಯಿ ಚಪ್ಪರಿಸಿ, "ಇವತ್ತು ಕಹೀನೇ ಇಲ್ವಲ್ಲೇ" ಎಂದರು. ಜ್ವರದ ನಾಲಿಗೆ, ರುಚಿ ಕೆಟ್ಟಿದೆ ಎಂದರು ಎಲ್ಲರೂ. ಎರಡು ದಿನಕ್ಕೆ ಅಜ್ಜಿ ಹೋದರು. ಜ್ವರ ಶ್ವಾಸಕೋಶಕ್ಕೆ ಇಳಿದಿತ್ತು ಎಂದರು ಡಾಕ್ಟರು.

ಚಿಕ್ಕಪ್ಪ ಮಾತ್ರ ಆ ಬಾಟಲಿಯ ಬಿರಡೆಗೆ ಅರಗು ಹಾಕಿ ತಮ್ಮ ಟ್ರಂಕಿನಲ್ಲಿಟ್ಟರು. ಆಮೇಲೆ ಶುರುವಾದದ್ದೇ ಈ ಅಯಸ್ಕಾಂತದ ಹುಚ್ಚು. ಪ್ರತಿ ಶನಿವಾರ ಅವರ ಕೈಚೀಲವನ್ನು ಕದ್ದು ಇಣುಕುತ್ತಿದ್ದೆ: ಯಂತ್ರ ಬಂತೇ?

ನಾನು ಓದಿ ದೊಡ್ಡವಳಾದೆ. ಅಂಥ ಯಂತ್ರ ಬೆಂಗಳೂರಿಗೇ ಬಂದಿದೆ ಎಂದು ಕೇಳಿ, ಧೈರ್ಯ ಮಾಡಿ ಅವರಿಗೆ ಹೇಳಿದೆ.

"ಇನ್ನೂ ಸ್ವಲ್ಪ ಸುಧಾರಿಸ್ಲಿ ಬಿಡಮ್ಮ, ಏನವಸರ?" ಎಂದರು. ಅಷ್ಟು ವರ್ಷ ಕಾದವರು!

ಆಗ ಹೊಳೆಯಿತು. ಇವರು ಬಣ್ಣ ಹಾಕುವವರ ಮಗ. ಬಣ್ಣವಾದರೆ ರೇಷ್ಮೆಗೆ ಹಿಡಿಯುತ್ತದೆ, ಔಷಧಿಯಾದರೆ ತೊಳೆದರೆ ಹೋಗುತ್ತದೆ ಎಂಬುದು ಇವರಿಗೆ ತಿಳಿಯದ್ದೇ? ಟ್ರಂಕಿನ ಪಕ್ಕದಲ್ಲೇ ಕೂತು ಕೇಳಿದೆ:

"ಚಿಕ್ಕಪ್ಪ, ಬಿರಡೆ ತೆಗೆದು ಒಂದೆಳೆ ಬಿಳಿ ರೇಷ್ಮೆ ಅದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ವಾ?"