ದೋಣಿ ಹೊಳೆಯ ನಡುವೆ ಇದ್ದಾಗ ಹೊರಟ ಬಸ್ಸು

ಕುಂದಾಪುರದ ಕಡವಿನ ಮೇಲೆ ನಮ್ಮ ದೋಣಿಗಾಗಿ ಕಾಯಬೇಕಾಗಿದ್ದ ಬಸ್ಸು ನಮ್ಮನ್ನು ಕಣ್ಣಾರೆ ಕಂಡೂ ಕಾಯದೆ ಹೊರಟುಹೋಯಿತು. ನಡೆದ ಅನ್ಯಾಯ ಇದು. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದದ್ದು. ಆದರೆ ಮುಗಿಸುವ ಮನಸ್ಸು ನನಗಿಲ್ಲ. ಯುದ್ಧದ ಕಾಲದ ಆ ಬಸ್ಸು ಎಂದೋ ಗುಜರಿಗೆ ಸೇರಿತು. ಹೊಳೆಗಳಿಗೆ ಸೇತುವೆ ಬಂದು, ಕಾಯಬೇಕಾದ ದೋಣಿಯೇ ಇಲ್ಲವಾಯಿತು. "ಹಳೆ ಸಂಗತಿ, ಬಿಟ್ಟ್ ಹಾಕಿ ಮಾಷ್ಟ್ರೆ" ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಬಿಟ್ಟು ಹೋಗುವುದು ಬಸ್ಸಿನವರ ಕೆಲಸ, ಸ್ವಾಮಿ; ನನ್ನದಲ್ಲ!

ಅಂದು ನನ್ನ ಜೊತೆಯಲ್ಲಿದ್ದವಳು ಬೈಂದೂರಿನ ನನ್ನ ದೊಡ್ಡಮ್ಮ, ತಾಯಿಯ ಅಕ್ಕ. ನಮ್ಮ ಸೀಮೆಯಲ್ಲಿ ತಪ್ಪಿಹೋದ ಬಸ್ಸಿಗೆ ಹೆದರದಿದ್ದ ಜೀವ ಅದೊಂದೇ. ಬಸ್ಸುಗಳೇ ಅವಳಿಗೆ ಹೆದರಿ ತಪ್ಪಿಸಿಕೊಳ್ಳುತ್ತಿದ್ದವು ಎಂಬುದು ನನ್ನ ಬಲವಾದ ಅನುಮಾನ.

ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೋಗುವುದೆಂದರೆ ಆಗ ಏನೆಂದು ಈಗಿನವರಿಗೆ ತಿಳಿಸಬೇಕು. ಬೈಂದೂರಿನಲ್ಲಿ ಹತ್ತಿದ ಬಸ್ಸು ಗಂಗೊಳ್ಳಿಯಲ್ಲಿ ನೀರು ಕಂಡು ನಿಲ್ಲುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಕುಂದಾಪುರ. ದೋಣಿಯಿಂದ ಇಳಿಯುವ ಆ ಕಡವಿನಲ್ಲಿ ಎರಡನೆಯ ಬಸ್ಸು. ಅದು ಮಾಬುಕಳದಲ್ಲಿ ಇನ್ನೊಂದು ಹೊಳೆ ಕಂಡು ನಿಲ್ಲುತ್ತಿತ್ತು. ಮತ್ತೆ ದೋಣಿ, ಮತ್ತೆ ಬಸ್ಸು. ಇವು ಒಂದಕ್ಕೊಂದು ಕಾಯದಿದ್ದರೆ ಪ್ರಯಾಣಿಕನ ಗತಿಯೇನು? ಅದಕ್ಕಾಗಿಯೇ ಒಂದು ವಾಡಿಕೆ ಇತ್ತು. ದೋಣಿ ಹೊಳೆಯ ನಡುವೆ ಕಾಣಿಸಿಕೊಂಡರೆ ಬಸ್ಸು ಹೊರಡಬಾರದು. ದೋಣಿಯಲ್ಲಿದ್ದವರು ಶಾಲು ಬೀಸಬೇಕು. ಬಸ್ಸಿನವರು ಒಮ್ಮೆ ಹಾರ್ನ್ ಮಾಡಿ 'ಕಂಡೆವು' ಎಂದು ತಿಳಿಸಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾರಣಕ್ಕೇ ಯಾರೂ ಮೀರುತ್ತಿರಲಿಲ್ಲ.

ದೊಡ್ಡಮ್ಮನಿಗೆ ಅವಳದೇ ಆದ ಒಂದು ವಾಡಿಕೆ ಇತ್ತು: ಹೊರಟ ಕಾಲನ್ನು ಹಿಂದಕ್ಕಿಡಬಾರದು. ಹೊಸ್ತಿಲು ದಾಟಿದ ಮೇಲೆ ಸಿಡಿಲೇ ಬಡಿಯಲಿ, ಹೋದ ಕೆಲಸ ಮುಗಿಯದೆ ಮನೆಗೆ ಬರುವುದಿಲ್ಲ! ಒಮ್ಮೆ ಗುಲ್ವಾಡಿಯ ಒಂದು ಮದುವೆಗೆ ಹೊರಟಳು. ಗಂಗೊಳ್ಳಿ ತಲುಪುವಷ್ಟರಲ್ಲಿ ಗಾಳಿ ಎದ್ದು ದೋಣಿಗಳೆಲ್ಲ ದಡ ಸೇರಿದ್ದವು. ಉಳಿದ ನೆಂಟರು ಬಂದ ಬಸ್ಸಿನಲ್ಲೇ ಹಿಂದಿರುಗಿದರು. ದೊಡ್ಡಮ್ಮ ಮಾತ್ರ ಗುರುತು ಪರಿಚಯವಿಲ್ಲದ ಒಂದು ಮನೆಯ ಜಗಲಿ ಹತ್ತಿ ಚಾಪೆ ಬಿಚ್ಚಿದಳು.

"ಯಾರ್ ಅಮ್ಮ ನೀವ್? ಯಾರ್ ಮನಿಗ್ ಬಂದದ್ದ್?" ಎಂದು ಆ ಮನೆಯೊಡತಿ ಗಾಬರಿಯಿಂದ ಕೇಳಿದಳಂತೆ.

"ನಿಮ್ಮನಿಗೇ. ಗಾಳಿ ಕರ್ಕಂಡ್ ಬಂತ್," ಎಂದಳು ದೊಡ್ಡಮ್ಮ.

ಮೂರು ದಿನ! ಮೂರನೆಯ ದಿನಕ್ಕೆ ಆ ಮನೆಯ ಉಪ್ಪಿನಕಾಯಿ ಭರಣಿಯ ಯಜಮಾನಿಕೆ ಅವಳ ಕೈಗೆ ಬಂದಿತ್ತು. ಅಷ್ಟರಲ್ಲಿ ಗಾಳಿ ಇಳಿಯಿತು. ಮದುವೆ ಮುಗಿಸಿದ ದಂಪತಿಗಳು ಬೈಂದೂರಿಗೆ ಹೋಗಲೆಂದು ಗಂಗೊಳ್ಳಿಯ ದಡದಲ್ಲಿ ಇಳಿದರು. ದೊಡ್ಡಮ್ಮ ಅವರನ್ನು ಅಲ್ಲೇ ತಡೆದು, ಕವುಚಿ ಹಾಕಿದ್ದ ಒಂದು ಹಳೆಯ ದೋಣಿಯ ಬೆನ್ನ ಮೇಲೆ ಕೂರಿಸಿ, ಅಕ್ಷತೆ ಹಾಕಿ, ಒಂದು ಶೋಭಾನೆಯನ್ನೂ ಹಾಡಿ, ಅವರದೇ ಬಸ್ಸಿನಲ್ಲಿ ಮನೆಗೆ ಬಂದಳು. ಪಾಪ, ಆ ಮದುಮಗಳು ಇದು ಬೈಂದೂರಿನವರ ಸಂಪ್ರದಾಯವೆಂದೇ ನಂಬಿದಳು. ಮುಂದೆ ತನ್ನ ಮೈದುನನ ಮದುವೆಯಲ್ಲಿ, "ಎಲ್ಲ ಆಯ್ತ್, ಕೂರ್ಸುಕೆ ದೋಣಿ ಎಲ್ಲಿತ್ತ್?" ಎಂದು ಪುರೋಹಿತರನ್ನು ಕೇಳಿದಳಂತೆ!

ಇಂಥ ದೊಡ್ಡಮ್ಮನನ್ನು ಬ್ರಹ್ಮಾವರದ ನಮ್ಮ ಮನೆಗೆ ಕರೆತರಲು ನಾನು ಹೊರಟದ್ದು ವಿನೋದಕ್ಕಲ್ಲ. ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಮ್ಮ ತಾಯಿ ತೀರಿಕೊಂಡು ವರ್ಷವಾಗಿರಲಿಲ್ಲ. ಮನೆಯಲ್ಲಿ ಇದ್ದ ಹೆಂಗಸೆಂದರೆ ನನ್ನ ಹೆಂಡತಿ ಒಬ್ಬಳೇ. ಅವಳಿಗೆ ಹೆರಿಗೆಯ ಅನುಭವವಿರಲಿಲ್ಲ. ಸೂಲಗಿತ್ತಿ "ಇನ್ನೂ ಎಂಟ್ ದಿನ ಇತ್ತ್" ಎಂದಿದ್ದಳು. ಆದರೂ ನಾನು ಹೊರಡುವಾಗ ತಂಗಿ ಬಾಗಿಲ ತನಕ ಬಂದಳು.

"ಅಣ್ಣ, ನಾಳಿಗೇ ಕರ್ಕಂಡ್ ಬಾ. ಅಮ್ಮ ಇಲ್ಲೆ. ದೊಡ್ಡಮ್ಮನ ಕೈ ಹಿಡ್ಕಂಡ್ರೆ ನಂಗೆ ಹೆದ್ರಿಕಿ ಇಲ್ಲೆ."

"ನಾಳೆ ಮಧ್ಯಾಹ್ನದ ಒಳ್ಗೆ ಬತ್ತೆ," ಎಂದು ನಾನು ಮಾತು ಕೊಟ್ಟೆ. ಕೊಟ್ಟ ಮಾತನ್ನು ಎಂದೂ ತಪ್ಪಿದವನಲ್ಲ. ತಪ್ಪಿಸಿದವರನ್ನು ಎಂದೂ ಮರೆತವನಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಬೈಂದೂರಿನಲ್ಲಿ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಯನ್ನು ಉದ್ದಕ್ಕೆ ಎಳೆದಂತಹ ಒಂದು ಒಲೆ. ಅದಕ್ಕೆ ಇದ್ದಲು ತುಂಬಿ, ಗಾಳಿ ಊದಿ, ಕಾವು ಬಂದ ಮೇಲೆ ಪ್ರಯಾಣ. ನಾವುಂದದಲ್ಲಿ ಕಾವು ಸಾಲದೆ ಬಸ್ಸು ನಿಂತಿತು. ದೊಡ್ಡಮ್ಮ ಗಂಟು ಬಿಚ್ಚಿದಳು. ಅದರೊಳಗೆ ಏನಿತ್ತೆಂದು ಬಲ್ಲಿರಾ? ಅವಲಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ, ಮತ್ತು ಕಾಯಿ ತುರಿಯುವ ಮಣೆ! ಬಸ್ಸು ಪ್ರಯಾಣಕ್ಕೆ ತುರಿಮಣೆ ಹೊತ್ತು ಹೋಗುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ರಸ್ತೆಯ ಬದಿಯಲ್ಲಿ ಮಣೆ ಹಾಕಿ ಕುಳಿತು, ಕಾಯಿ ತುರಿದು, ಅವಲಕ್ಕಿ ಕಲಸಿ, ಡ್ರೈವರನೂ ಸೇರಿದಂತೆ ಬಸ್ಸಿನ ಎಲ್ಲರಿಗೂ ಬಾಳೆಎಲೆಯ ತುಂಡಿನಲ್ಲಿ ಹಂಚಿದಳು. ಅಷ್ಟರಲ್ಲಿ ಒಲೆಗೆ ಕಾವು ಬಂತು, ಬಸ್ಸು ಸಿದ್ಧವಾಯಿತು. ಆದರೆ ಹತ್ತುವವರೇ ಇಲ್ಲ. ಡ್ರೈವರ್ ಎರಡನೆಯ ಸಲ ಎಲೆ ಒಡ್ಡಿದ್ದ! ಇದರಲ್ಲಿ ಕಳೆದದ್ದು ಒಂಬತ್ತು ನಿಮಿಷ. ನನ್ನ ಜೇಬಿನಲ್ಲಿ ಗಡಿಯಾರವಿತ್ತು. ನಮ್ಮ ಕಡೆಯ ನಿಮಿಷಗಳನ್ನು ನಾನು ಮುಚ್ಚಿಡುವುದಿಲ್ಲ.

ಮರವಂತೆ ದಾಟಿ ಮುಂದಿನ ಏರಿನಲ್ಲಿ ಬಸ್ಸು ಮತ್ತೆ ನರಳಿ ನಿಂತಿತು. ಎಲ್ಲರೂ ಇಳಿದೆವು. ದೊಡ್ಡಮ್ಮ ನೆಟ್ಟಗೆ ಬಸ್ಸಿನ ಹಿಂಬದಿಗೆ ಹೋದಳು. ಮೀಸೆ ನರೆತ ಕ್ಲೀನರ್ ಅಲ್ಲಿ ಬೆವರುತ್ತ ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದ.

"ಹ್ವಾಯ್, ಇದೆಂತ ಒಲಿಯಾ? ನಮ್ಮನಿ ಬಚ್ಚಲ್ ಒಲಿ ಇದ್ಕಿಂತ ಲಾಯ್ಕ್ ಉರಿತ್."

"ಅಮ್ಮ, ಇದ್ಕೆ ಇದ್ದ್ಲ್ ಬಿಟ್ಟ್ರೆ ಬೇರೆ ಹಾಕುಕಾಗ."

"ನಲ್ವತ್ ವರ್ಷ ಒಲಿ ಉರ್ಸಿದವ್ಳಿಗೆ ಕಲ್ಸುಕೆ ಬತ್ಯಾ? ಮುಚ್ಚಳ ತೆಗಿ ಕಾಂಬ!"

ಆ ಸ್ವರಕ್ಕೆ ಮುಚ್ಚಳ ತೆಗೆಯದ ಗಂಡಸು ಹುಟ್ಟಿರಲಿಲ್ಲ. ಕಾಯಿ ತುರಿದು ಉಳಿದಿದ್ದ ನಾಲ್ಕು ಚಿಪ್ಪುಗಳು, ನಮ್ಮ ಮಾತಿನ ಗೆರಟೆಗಳು, ಒಲೆಯೊಳಗೆ ಬಿದ್ದವು. ಮುಂದೆ ನಡೆದದ್ದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ: ಆ ಬಸ್ಸು ಹುಟ್ಟಿದಂದಿನಿಂದ ಅಷ್ಟು ವೇಗ ಕಂಡಿರಲಿಲ್ಲ! ಏರು ಹಾರಿತು, ಇಳಿಜಾರಿನಲ್ಲಿ ಹಾರಿತು. ಹತ್ತುವುದು ತಡವಾದ ಇಬ್ಬರು ಹಿಂದಿನಿಂದ ಓಡಿ ಬಂದರು. ದೊಡ್ಡಮ್ಮ ಸೀಟಿನಲ್ಲಿ ಕುಳಿತು, ತೇರಿನ ಮೇಲಿನ ದೇವರಂತೆ ಎಡಬಲಕ್ಕೆ ನೋಡಿದಳು. ತ್ರಾಸಿಯಲ್ಲಿ ಬಸ್ಸು ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ನಿಂತಿತು. ಗೆರಟೆಯ ಡಾಂಬರು ಕೊಳವೆಯೊಳಗೆ ಕಟ್ಟಿಕೊಂಡಿತ್ತು. ಅದನ್ನು ಕೆರೆದು ತೆಗೆಯಲು ಹತ್ತೊಂಬತ್ತು ನಿಮಿಷ. ಕ್ಲೀನರನ ಮುಖ ಯಕ್ಷಗಾನದ ರಕ್ಕಸನಂತಾಗಿತ್ತು.

"ಗೆರ್ಟಿ ಹಾಕಿದ್ದೇ ತಪ್ಪಾಯ್ತ್ ಅಮ್ಮ," ಎಂದ ಅವನು.

"ಗೆರ್ಟಿ ಹಾಕಿದ್ದಕ್ಕೇ ತ್ರಾಸಿ ತನ್ಕ ಬಂದದ್ದ್!" ಎಂದಳು ದೊಡ್ಡಮ್ಮ.

ತಪ್ಪೊಪ್ಪಿಕೊಳ್ಳುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ವರ್ಷ ಸಾರಿಗೆ ಉಪ್ಪು ಎರಡು ಸಲ ಬಿದ್ದಾಗ, "ಈ ಊರ್ ನೀರೇ ಉಪ್ಪ್" ಎಂದು ಅತ್ತೆಗೆ ಉತ್ತರ ಕೊಟ್ಟವಳು!

ಹೀಗೆ ಒಟ್ಟು ಇಪ್ಪತ್ತೆಂಟು ನಿಮಿಷ ತಡವಾಗಿ ನಾವು ಗಂಗೊಳ್ಳಿಯಲ್ಲಿ ದೋಣಿ ಹತ್ತಿದೆವು. ಒಪ್ಪಿದೆ. ಆದರೆ ಹತ್ತೂವರೆಗೆ ಸರಿಯಾಗಿ, ಎಂದರೆ ಬಸ್ಸು ಹೊರಡುವ ನಿಗದಿತ ವೇಳೆಗೆ, ದೋಣಿ ಹೊಳೆಯ ನಡುವನ್ನು ದಾಟಿತ್ತು. ದಡದ ಮೇಲೆ ಬಸ್ಸು ಕಾಣುತ್ತಿತ್ತು. ಬಸ್ಸಿನ ಪಕ್ಕದಲ್ಲಿ, ಟಿಕೆಟು ಕೊಟ್ಟು ಬಸ್ಸು ಹೊರಡಿಸುವ ಏಜೆಂಟರು ಕಾಣುತ್ತಿದ್ದರು. ನಾನು ಎದ್ದು ನಿಂತು ಬಿಳಿಯ ಶಾಲನ್ನು ತಲೆಯ ಮೇಲೆತ್ತಿ ಬೀಸಿದೆ. ಏಜೆಂಟರು ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದರು. ಹಾರ್ನ್ ಆಯಿತು.

"ಕಂಡ್ರ್. ಇನ್ ಕಾಯ್ತ್ರ್, ಕೂಕೋ," ಎಂದಳು ದೊಡ್ಡಮ್ಮ.

ನಾನು ಕುಳಿತೆ. ಬಸ್ಸು ಹೊರಟಿತು.

ದೋಣಿಯವನು ದೋಣಿ ನೂಕುವ ಜಲ್ಲೆಯನ್ನು ನೀರಲ್ಲೇ ಬಿಟ್ಟು ಬಾಯಿ ತೆರೆದ. ದೊಡ್ಡಮ್ಮ ಎದ್ದು ನಿಂತು "ಹ್ವಾಯ್! ಹ್ವಾಯ್!" ಎಂದು ಕೂಗಿದ ಅಬ್ಬರಕ್ಕೆ ದೋಣಿ ಓಲಾಡಿತು. ಬಸ್ಸಿನ ಹೊಗೆ ಮಾತ್ರ ನಮ್ಮತ್ತ ತಿರುಗಿ ನೋಡಿತು.

ದಡದಲ್ಲಿ ಏಜೆಂಟರು ವೀಳ್ಯ ಮೆಲ್ಲುತ್ತ ನಿಂತಿದ್ದರು.

"ನಾಳಿಕ್ ಹತ್ತೂವರಿಗ್ ಬಸ್ ಇತ್ತ್ ಮಾಷ್ಟ್ರೆ. ಹೋಟ್ಲಂಗೆ ಊಟ ಮಾಡಿ, ಆರಾಮಾಯ್ ಇರಿ."

"ದೋಣಿ ಕಂಡಿತ್ತಿಲ್ಯಾ ನಿಮ್ಗೆ?" ಎಂದು ಕೇಳಿದೆ.

"ದೋಣಿ ಕಂಡಿತ್. ಅದ್ರಗೆ ಬಸ್ಸಿನ್ ಜನ ಇದ್ದದ್ದ್ ನಂಗ್ ಹ್ಯಾಂಗ್ ಗೊತ್ತಾಪ್ದ್?"

"ಮತ್ತೆ ಶಾಲ್ ಬೀಸಿದ್ದ್ ಯಾರ್? ಹೊಳಿ ಮೀನಾ?"

ಅಷ್ಟರಲ್ಲಿ ನಮ್ಮ ಜೊತೆ ಬಂದ ಯಾರೋ ಗೆರಟೆಯ ಕಥೆಯನ್ನು ಹೇಳಿಬಿಟ್ಟರು. ಏಜೆಂಟರು ನಕ್ಕರು. "ಹಾಂಗಾರೆ ತಡ ಮಾಡಿದ್ದ್ ಅಮ್ಮನೇ ಅಲ್ದಾ!" ಎಂದು ಸುತ್ತಲಿನವರನ್ನೂ ನಗಿಸಿದರು. ಬಸ್ಸಿನಲ್ಲಿ ಆರು ಸೀಟು ಖಾಲಿ ಹೋದವೆಂದು ಅಲ್ಲಿನ ಹೂವಿನವಳು ನನಗೆ ತಿಳಿಸಿದಳು. ಆಮೇಲೆ ಈ ಕುರಿತು ಬಸ್ಸಿನ ಮಾಲೀಕರಿಗೆ ನಾನು ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಅದೇ ಬಸ್ಸಿನ ವೇಳಾಪಟ್ಟಿಯ ಅಚ್ಚಾದ ಒಂದು ಪ್ರತಿ!

ಅಂದು ಕಡವಿನಲ್ಲಿ ದೊಡ್ಡಮ್ಮ ಆಗಲೇ ಗಂಟನ್ನು ಕಂಕುಳಿಗೆ ಏರಿಸಿದ್ದಳು.

"ನಡಿ."

"ಹದ್ನಾಲ್ಕ್ ಮೈಲ್ ಇತ್ತ್ ದೊಡ್ಡಮ್ಮ!"

"ಮೈಲ್ ಕಲ್ಲ್ ನೆಟ್ಟದ್ದ್ ಬಸ್ಸಿಗೆ. ಹೆಣ್ಣ್ ಕಾಯ್ತಾ ಇತ್ತ್, ನಡಿ."

ನಡೆದೆವು. ಕೋಟೇಶ್ವರದಲ್ಲಿ ಮಡಕೆ ಹೇರಿಕೊಂಡು ಹೋಗುತ್ತಿದ್ದ ಒಂದು ಎತ್ತಿನ ಗಾಡಿ ಸಿಕ್ಕಿತು. ಮಡಕೆಗಳ ನಡುವೆ ಇನ್ನೊಂದು ಮಡಕೆಯಂತೆ ಮುದುಡಿ ಕುಳಿತ ದೊಡ್ಡಮ್ಮ ದಾರಿಯುದ್ದಕ್ಕೂ ಏಜೆಂಟರ ವಂಶಾವಳಿಯನ್ನು ಬಣ್ಣಿಸಿದಳು. ಗಾಡಿಯವನು ಕೇಳುತ್ತ ಮೈಮರೆತು ಎತ್ತು ಹೊಡೆಯುವುದನ್ನೇ ಬಿಟ್ಟ. ಕೋಟದ ಹತ್ತಿರ ಅವಳು ಗಾಡಿಯಿಂದ ಧುಮುಕಿ, "ನಿನ್ನೆತ್ತಿಗೆ ಸುಸ್ತಾಯಿತ್, ಅದ್ನ ನೀ ಹೊತ್ಕಂಡ್ ಬಾ, ನಾನ್ ಮುಂದ್ ಹೋತೆ" ಎಂದು ಹೊರಟೇಬಿಟ್ಟಳು. ಅರವತ್ತರ ಆ ಹೆಂಗಸನ್ನು ಹಿಡಿಯಲು ಇಪ್ಪತ್ತೇಳರ ನಾನು ಓಡಬೇಕಾಯಿತು. ಮಾಬುಕಳದಲ್ಲಿ ದೋಣಿ ಇತ್ತು, ದೋಣಿಯವನು ಇರಲಿಲ್ಲ. ನೀರಿಳಿಯಲಿ ಎಂದು ಮರದಡಿಯಲ್ಲಿ ಮಲಗಿದ್ದ. ದೊಡ್ಡಮ್ಮ ದೋಣಿಯೊಳಗೆ ಹೋಗಿ ತಾನೇ ಜಲ್ಲೆ ಕೈಗೆತ್ತಿಕೊಂಡಳು. ಅವನು ಎದ್ದು ಬಂದ ವೇಗವನ್ನು ನಾನು ಇನ್ನೂ ಮೆಚ್ಚುತ್ತೇನೆ. ಆಚೆ ದಡದಲ್ಲಿ ಮೂರನೆಯ ಬಸ್ಸು ಒಲೆ ಆರಿಸಿ ನಿಂತಿತ್ತು. "ಇನ್ನೊಂದ್ ಗಂಟಿಗ್ ಹೊರ್ಡ್ತ್ ಅಮ್ಮ, ಕೂಕಣಿ" ಎಂದು ಡ್ರೈವರ್ ಕರೆದ. ದೊಡ್ಡಮ್ಮ ಮಾತು ಬಿಟ್ಟ ನೆಂಟರ ಮನೆಯೆದುರು ಹಾದುಹೋಗುವಂತೆ ಮುಖ ಆಚೆ ತಿರುಗಿಸಿ ನಡೆದಳು.

ದೀಪ ಹಚ್ಚುವ ಹೊತ್ತಿಗೆ ನಾವು ಬ್ರಹ್ಮಾವರದ ನಮ್ಮ ಅಂಗಳದಲ್ಲಿದ್ದೆವು. ನನ್ನ ಹೆಂಡತಿ ಬಿಸಿನೀರಿನ ಪಾತ್ರೆ ಹಿಡಿದು ಹೊರಗೆ ಬಂದಳು. ಅವಳ ಮುಖದಲ್ಲೇ ಸಂಗತಿ ಇತ್ತು. ಹೆಣ್ಣು ಮಗು, ಹುಟ್ಟಿ ಒಂದು ಗಂಟೆಯಾಗಿತ್ತು. ಇಬ್ಬರೂ ಕ್ಷೇಮ. ಮಧ್ಯಾಹ್ನ ನೋವು ಸುರುವಾದಾಗಿನಿಂದ ತಂಗಿ "ದೊಡ್ಡಮ್ಮ ಬಂದ್ಲಾ?" ಎಂದು ಕೇಳುತ್ತಲೇ ಇದ್ದಳಂತೆ. ಎರಡು ಗಂಟೆಗೆ ಬಂದೇ ಬರುತ್ತಾರೆಂದು ನನ್ನ ಹೆಂಡತಿ ಧೈರ್ಯ ಹೇಳಿದ್ದಳು. ಮೂರಕ್ಕೆ, ನಾಲ್ಕಕ್ಕೆ, ಅವಳೇ ಅಂಗಳಕ್ಕೆ ಬಂದು ದಾರಿ ನೋಡಿದಳು.

"ನನ್ ಕೈ ಕೊಟ್ಟೆ," ಎಂದಳು ಹೆಂಡತಿ, ಮೆಲ್ಲಗೆ. "ಹಿಡಿಲಿಲ್ಲೆ. ಮಂಚದ್ ಕಾಲನ್ನೇ ಹಿಡ್ಕಂಡಿತ್ತ್."

ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಸೀರೆ ಬದಲಿಸಿ, ಕೋಣೆಗೆ ಹೋದಳು. ನಾನು ಬಾಗಿಲ ಹೊರಗೆ ನಿಂತೆ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಕೇಳಿದಳು:

"ಈಗ್ ಬಪ್ದಾ, ದೊಡ್ಡಮ್ಮ?"

ಬರುತ್ತದೆ ಎಂದು ನಾನು ಕಾದೆ. ಹದಿನಾಲ್ಕು ಮೈಲಿ ಬೈದುಕೊಂಡು ಬಂದ ಏಜೆಂಟರ ಹೆಸರು, ಆ ಹಾರ್ನು, ಆ ನಗು, ಆರು ಖಾಲಿ ಸೀಟು, ಎಲ್ಲ ಈಗ ಬರುತ್ತದೆ, ಬರಲೇಬೇಕು.

"ತಪ್ಪಾಯ್ತ್ ಮಗ," ಎಂದಳು ದೊಡ್ಡಮ್ಮ. "ಗೆರ್ಟಿ ಹಾಕಿದ್ದ್ ನಾನೇ."

ತಂಗಿಗೆ ಅರ್ಥವಾಗಿರಲಾರದು. ಆದರೆ ಅವಳು ತಿರುಗಿದಳು; ದೊಡ್ಡಮ್ಮನ ಕೈಯನ್ನು ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡು ಹಾಗೆಯೇ ನಿದ್ದೆ ಹೋದಳು. ಎಚ್ಚರವಾದೀತೆಂದು ದೊಡ್ಡಮ್ಮ ಕೂತಲ್ಲಿಂದ ಅಲುಗಲಿಲ್ಲ. ಬೊಬ್ಬೆ ಎದ್ದು ಒಡೆದಿದ್ದ ಅವಳ ಪಾದಗಳಿಗೆ ನನ್ನ ಹೆಂಡತಿ ಅಲ್ಲಿಯೇ ಎಣ್ಣೆ ಹಚ್ಚಿದಳು.

ಏಜೆಂಟರೇ, ನೀವು ಎಲ್ಲಿದ್ದರೂ ಕೇಳಿಸಿಕೊಳ್ಳಿ. ಇಪ್ಪತ್ತೆಂಟು ನಿಮಿಷ ನಮ್ಮವು. ಅದನ್ನು ನಾನೇ ಬರೆದುಕೊಟ್ಟಿದ್ದೇನೆ. ಆದರೆ ಹೊಳೆಯ ನಡುವೆ ಬೀಸುತ್ತಿದ್ದ ಶಾಲನ್ನು ಹಣೆಗೆ ಕೈ ಹಿಡಿದು ನೋಡಿದವರು ನೀವು. ಜನ್ಮದಲ್ಲಿ ಯಾರೆದುರೂ ತಪ್ಪೊಪ್ಪದಿದ್ದ ಆ ಮುದುಕಿ ಅಂದು ಬಾಣಂತಿಯ ಮಂಚದ ಪಕ್ಕದಲ್ಲಿ ಆಡಿದ ಆ ಮಾತು ನಿಜವಾಗಿ ಯಾರ ಬಾಯಿಂದ ಬರಬೇಕಾಗಿತ್ತು?