ಅಳಿಯಂದಿರ ಗಿಡಕ್ಕೆ ಮಾವನ ಮಣ್ಣು

ಮಗಳನ್ನು ಮದುವೆ ಮಾಡಿಕೊಟ್ಟು ಮೂರು ವರ್ಷವಾದರೂ ಅಳಿಯ ರೇವಂತ್ ತನ್ನ ಮಾವ ದೇವೀರಪ್ಪನವರನ್ನು ಕೇಳಿದ್ದು ಎರಡೇ ಪ್ರಶ್ನೆ. ವೈಫೈ ಪಾಸ್‌ವರ್ಡ್ ಏನು, ಬಚ್ಚಲಿಗೆ ಗೀಸರ್ ಯಾಕೆ ಹಾಕಿಸಿಲ್ಲ. ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ನರ್ಸರಿ ರೈಟರ್ ಆಗಿದ್ದು, ಈಗ ಆಲೂರಿನಲ್ಲಿ ನಿವೃತ್ತರಾಗಿ ಕೂತಿರುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಹಾಗಾಗಿ ಆ ಭಾನುವಾರ ಸಕಲೇಶಪುರದಿಂದ ಬಂದ ಅಳಿಯ ಒಂದು ಪೇಪರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಮಾವ, ಗಿಡದ ವಿಷಯ ನಿಮ್ಮಷ್ಟು ಗೊತ್ತಿರೋರು ಈ ಜಿಲ್ಲೇಲಿ ಯಾರಿದಾರೆ?" ಎಂದಾಗ ದೇವೀರಪ್ಪನವರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಲೋಟದಲ್ಲಿ ಗೇಣುದ್ದವೂ ಇಲ್ಲದ ಸಸಿ. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಅಂಚೆಲ್ಲ ಗರಗಸ.

"ಔಷಧಿ ಗಿಡ ಮಾವ. ನಂಗೆ ನಿದ್ದೆ ಬರಲ್ಲ ನೋಡಿ. ಪೂರ್ತಿ ಆರ್ಗ್ಯಾನಿಕ್ ಆಗಿ, ಮನೆಯೊಳಗೇ ಬೆಳೀಬೇಕು. ಎಂಥ ಕುಂಡ, ಎಂಥ ಮಣ್ಣು, ಎಲ್ಲಾ ನೀವೇ ನೋಡಿ."

"ನಿಮ್ಮ ಹೋಂಸ್ಟೇನಾಗೆ ಬೇಕಾದಷ್ಟು ರೂಮ್ ಐತಲ್ಲ ಅಳಿಯಂದ್ರೇ?"

"ಅಲ್ಲಿ ಗೆಸ್ಟ್‌ಗಳು ಬರ್ತಾರೆ, ಪೊಲೀಸ್ ಚೆಕಿಂಗ್ ಬೇರೆ. ನಿಮ್ಮನೆ ಪ್ರಶಾಂತ."

ಔಷಧಿ ಗಿಡಕ್ಕೂ ಪೊಲೀಸರಿಗೂ ಏನು ಸಂಬಂಧ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅದು ಗಾಂಜಾ ಎಂದು ನೋಡಿದ ತಕ್ಷಣವೇ ಗೊತ್ತಾಗಿತ್ತು. ಆದರೆ 'ನಿಮ್ಮಷ್ಟು ಗೊತ್ತಿರೋರು' ಎಂಬ ಮಾತು ಇನ್ನೂ ಕಿವಿಯಲ್ಲಿ ಬೆಲ್ಲದಂತೆ ಕರಗುತ್ತಿತ್ತು. (ಹೊಗಳಿಕೆ ಕೊಟ್ಟಷ್ಟು ಗಾಢ ನಿದ್ದೆಯನ್ನು ಆತ್ಮಸಾಕ್ಷಿಗೆ ಯಾವ ಔಷಧಿ ಗಿಡವೂ ಕೊಡಲಾರದು.)

ಇಲ್ಲೊಂದು ಗುಟ್ಟು ಹೇಳಿಬಿಡಬೇಕು. ದೇವೀರಪ್ಪನವರು ಮೂವತ್ತು ವರ್ಷದಲ್ಲಿ ಒಂದು ಹಿಡಿ ಮಣ್ಣು ಕಲಸಿದವರಲ್ಲ. ಜರಡಿ ಹಿಡಿದು, ಗೊಬ್ಬರ ಬೆರೆಸಿ, ಚೀಲ ತುಂಬಿ ಸಸಿ ನೆಟ್ಟವರು ಎಸ್ಟೇಟಿನ ಕೂಲಿ ಲೈನಿನ ಹೆಂಗಸರು. ರೈಟರ್ ಆದ ಇವರು ಪಕ್ಕದಲ್ಲಿ ನಿಂತು ಲೆಕ್ಕ ಬರೆದುಕೊಂಡವರು. ಒಳ್ಳೆಯ ನರ್ಸರಿ ಎಂಬ ಹೆಸರು, ಲೋಕರೂಢಿಯಂತೆ, ಬರೆದವರಿಗೇ ಬಂತು.

ಮಹಾಪಾತ್ರೆಯ ಆಯ್ಕೆ ಮೂರು ದಿನ ನಡೆಯಿತು. ಖಾಲಿ ಪೇಂಟ್ ಬಕೆಟ್ಟು ಆರ್ಗ್ಯಾನಿಕ್ ಅಲ್ಲವೆಂದು ತಿರಸ್ಕೃತವಾಯಿತು. ಮಣ್ಣಿನ ಕುಂಡ ಹಾಸುಗಲ್ಲಿನ ಮೇಲೆಲ್ಲ ನೀರು ಬಿಟ್ಟಿತು. ಬಟ್ಟೆ ಚೀಲ ಕುಡಿದವನಂತೆ ಗೋಡೆಗೆ ಒರಗಿತು. ಕೊನೆಗೆ ಹೆಂಡತಿ ನೇತ್ರಾವತಿಯ ಉಪ್ಪಿನಕಾಯಿ ಜಾಡಿಗೆ ಪಟ್ಟಾಭಿಷೇಕ.

"ಜಾಡಿ ತಳಕ್ಕೆ ತೂತೇ ಇಲ್ಲ ಕಣ್ರೀ, ನೀರು ಎಲ್ಲಿಗೋಗ್ತದೆ?"

"ಮೂವತ್ತು ವರ್ಷ ನರ್ಸರಿ ನೋಡಿದೋನು ಕಣೇ ನಾನು."

"ನೋಡಿದೋರೇ ಬಿಡಿ. ಅದಕ್ಕೇ ಕೇಳ್ತಾ ಇರೋದು."

ಅಂಗಳದ ಕೆಂಪುಮಣ್ಣು ಜಾಡಿಯೊಳಗೆ ಇಟ್ಟಿಗೆಯಾಯಿತು. ಅದನ್ನು ಕೆದಕಿ ತೆಗೆದು ಬರೀ ಹಸಿ ಸಗಣಿ ತುಂಬಿದರೆ ಮನೆ ತುಂಬ ನೊಣ. "ದೇವರ ಮನೆ ಪಕ್ಕಕ್ಕೇ ಕೊಟ್ಟಿಗೆ ತಂದ್ಬುಟ್ರಲ್ಲ!" ಎಂದು ನೇತ್ರಾವತಿ ಸೆರಗನ್ನು ಮೂಗಿಗೆ ಹಿಡಿದರು. ಆಮೇಲೆ ಆನ್‌ಲೈನಿನಲ್ಲಿ ತೆಂಗಿನ ನಾರಿನ ಪುಡಿ ಒತ್ತಿ ಮಾಡಿದ ಗಟ್ಟಿ ಬಂತು. ಬಟ್ಟೆ ನೆನೆಸುವ ಬಕೆಟ್ಟಿನ ನೀರಿಗೆ ಇಡೀ ಗಟ್ಟಿಯನ್ನು ಹಾಕಿ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಉಬ್ಬಿ, ಬಕೆಟ್ ದಾಟಿ, ಬಚ್ಚಲಿನ ಮೋರಿಯನ್ನು ಮುಚ್ಚಿಹಾಕಿತ್ತು. ಸಸಿ ಬಿಳಿಚಿಕೊಂಡು ತಲೆ ಬಾಗಿಸಿತು. ಅಳಿಯ ಮಾತ್ರ ದಿನಾ ಫೋಟೋ ಕೇಳುತ್ತಿದ್ದ. ಭಾನುವಾರ ನೋಡೋಕೆ ಬರ್ತೀನಿ ಅಂತಲೂ ಅಂದ. ಸಸಿ ಸತ್ತರೆ ಮತ್ತೆ ವೈಫೈ ಪಾಸ್‌ವರ್ಡಿನ ಮಟ್ಟಕ್ಕೇ ಇಳಿಯಬೇಕಲ್ಲ!

ಶನಿವಾರ, ಅಭಿಮಾನವನ್ನು ಜೇಬಿಗೆ ಹಾಕಿಕೊಂಡು, ದೇವೀರಪ್ಪನವರು ಊರಾಚೆಯ ಮಾದೇವಮ್ಮನ ಮನೆಗೆ ಹೋದರು. ಎಸ್ಟೇಟಿನ ನರ್ಸರಿಯಲ್ಲಿ ಇಪ್ಪತ್ತೈದು ವರ್ಷ ಮಣ್ಣು ಕಲಸಿದ ಕೈ ಅವಳದು.

ಭಾನುವಾರ ಬೆಳಿಗ್ಗೆ ಅವಳು ತಲೆಯ ಮೇಲೆ ಮಣ್ಣು ಗೊಬ್ಬರದ ಚೀಲ ಹೊತ್ತು ಬಂದು, ಜಗಲಿಯ ಮೇಲೆ ಸುರಿದು, ಕೂತು ಕಲಸಿದಳು. ಒಂದು ಹಿಡಿ ಎತ್ತಿ ಅಮುಕಿದಳು. "ಉಂಡೆ ಕಟ್ಟಬೇಕು, ಬೆರಳು ತಾಗಿದ್ರೆ ಉದುರಬೇಕು. ಎಲ್ಲೈತೆ ಗಿಡ?"

ಜಾಡಿಯನ್ನು ತಂದಿಟ್ಟರು. ಮಾದೇವಮ್ಮನ ಕೈ ನಿಂತಿತು.

"ರೈಟ್ರೇ, ನಮ್ಮೆಜಮಾನ್ರು ಲೈನ್ ಹಿಂದ್ಗಡೆ ಇಂಥದೇ ಒಂದು ಗಾಂಜಾ ಗಿಡ ಇಟ್ಕಂಡಿದ್ರು. ಧಣಿಗಳಿಗೆ ನೀವೇ ಬರ್ದುಕೊಟ್ರಿ. ಮೂರು ದಿನದಾಗೆ ಮಕ್ಳುಮರಿ ಸಮೇತ ನಮ್ಮನ್ನ ಆಚೆ ಹಾಕಿದ್ರು."

"ಅದು... ಅದು ಹೊರಗಡೆ ಬೆಳೆದಿದ್ದು ಮಾದೇವಮ್ಮ. ಇದು ಇಂಡೋರು. ಆರ್ಗ್ಯಾನಿಕ್ಕು."

"ನಮ್ದೇನು ಪ್ಲಾಸ್ಟಿಕ್ ಗಿಡವಾ?"

ಲೈನಿನವನು ಇಟ್ಟುಕೊಂಡರೆ ಅಪರಾಧ, ಹೋಂಸ್ಟೇ ಮಾಲೀಕನಿಗೆ ಬೇಕಾದರೆ ಔಷಧಿ. ಈ ನ್ಯಾಯವನ್ನು ಅಂದೂ ಇಂದೂ ನಡೆಸಿಕೊಟ್ಟವರು ಒಬ್ಬರೇ.

ಅಷ್ಟರಲ್ಲಿ ರೇವಂತನ ಕಾರು ಬಂದು ನಿಂತಿತು, ಒಳಗಿನಿಂದ ನೇತ್ರಾವತಿಯೂ ಬಂದರು. "ಏನಂದೆ ಮಾದೇವಿ? ಗಾಂಜಾನಾ? ನನ್ನ ಉಪ್ಪಿನಕಾಯಿ ಜಾಡೀಲಾ?"

ರೇವಂತ್ ಸಸಿಯನ್ನಷ್ಟೇ ನೋಡಿದ. "ಅಜ್ಜಿ, ಇದು ಬದುಕುತ್ತಾ?"

"ಬದುಕ್ತದೆ. ನಾನು ಬದುಕ್ಸಾಕಿಲ್ಲ. ನಾಳೆ ಕೇಸಾದ್ರೆ ನೀವು ನಂಗೊತ್ತಿಲ್ಲ ಅಂತೀರ. ನಿಮ್ಮಾವ್ನೋರು ಅಳಿಯಂದು ಅಂತಾರೆ. ಕೈಯಾಗೆ ಮಣ್ಣಿರೋದು ನಂಗೊಬ್ಳಿಗೇ." ಹಾಗೆಂದವಳೇ ಸಸಿಯನ್ನು ಕಿತ್ತು ಮುರಿದು, ಜಾಡಿಯಿಂದ ತೆಗೆದಿಟ್ಟಿದ್ದ ಸಗಣಿಯ ಬಕೆಟ್ಟಿಗೆ ತುರುಕಿದಳು. "ಅಕ್ಕೋರೇ, ಒಂದು ಮೆಣಸಿನ ಸಸಿ ತನ್ನಿ."

"ತರ್ತೀನಿ ಇರು. ಅಳಿಯಂದ್ರೇ, ನಿದ್ದೆ ಬರದಿದ್ರೆ ಬೆಳಿಗ್ಗೆ ಐದಕ್ಕೆದ್ದು ಗುಂಡಿ ತೋಡಿ, ಎಲ್ಲಾ ಬರ್ತದೆ," ಎಂದು ನೇತ್ರಾವತಿ ಹಿತ್ತಲಿಗೆ ನಡೆದರು.

ದೇವೀರಪ್ಪನವರು ಅಳಿಯ ಸಿಡುಕುತ್ತಾನೆಂದು ಕಾದರು. ಆದರೆ ರೇವಂತ್ ಪ್ಯಾಂಟು ಮೇಲೆತ್ತಿಕೊಂಡು ಮಾದೇವಮ್ಮನ ಎದುರು ಕುಕ್ಕರಗಾಲಿನಲ್ಲಿ ಕೂತು ಆ ಮಣ್ಣನ್ನು ಹಿಡಿ ಹಿಡಿದು ನೋಡುತ್ತಿದ್ದ. "ಅಜ್ಜಿ, ನಮ್ಮ ಹೋಂಸ್ಟೇಲಿ ನಲವತ್ತು ಕುಂಡ ಇದೆ, ಒಂದರಲ್ಲೂ ಗಿಡ ಉಳೀತಿಲ್ಲ. ಏನೇನು ಎಷ್ಟೆಷ್ಟು ಹಾಕಿದ್ರಿ?"

"ಹೇಳ್ತೀನಿ. ನಂಗೆ ಬರ್ಯಾಕೆ ಬರಾಕಿಲ್ಲ, ಅಷ್ಟೇಯ."

ರೇವಂತ್ ತಲೆ ತಿರುಗಿಸದೆಯೇ, "ಮಾವ, ಸ್ವಲ್ಪ ಬರ್ಕೊಳ್ಳಿ," ಎಂದ.

ದೇವೀರಪ್ಪನವರು ಒಳಗೆ ಹೋಗಿ ಪೆನ್ನು ಹಾಳೆ ತಂದು ಪಕ್ಕದಲ್ಲಿ ನಿಂತರು. ಇದಂತೂ ತನಗೆ ಬಾಯಿಪಾಠ ಎಂಬಂತೆ, ಅವಳು ಬಾಯಿ ತೆರೆಯುವ ಮೊದಲೇ ಗಟ್ಟಿಯಾಗಿ ಹೇಳಿಕೊಂಡು ಬರೆದರು: "ಕಾಡುಮಣ್ಣು, ಆರು ಬುಟ್ಟಿ."

"ಆರಲ್ಲ ರೈಟ್ರೇ, ನಾಲ್ಕು. ಎಸ್ಟೇಟ್ ಪುಸ್ತಕದಾಗೂ ನೀವು ಆರು ಅಂತ್ಲೇ ಬರೀತಿದ್ರಿ. ನಾವು ಯಾವತ್ತೂ ನಾಲ್ಕೇ ಹಾಕ್ತಿದ್ದಿದ್ದು."

ದೇವೀರಪ್ಪನವರು ಆರನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕು ಎಂದು ತಿದ್ದಿದರು.